ಬಸವನಗುಡಿಯ ಮೀನು, ನಮ್ಮ ಹಳ್ಳದ ನೀರು

ಕಳೆದ ಮೇ ತಿಂಗಳ ಮೊದಲ ವಾರದಲ್ಲಿ ನನ್ನ ತಂಗಿಯ ಮಕ್ಕಳು ಬೆಂಗಳೂರಿನಿಂದ ಪ್ಲಾಸ್ಟಿಕ್ ಚೀಲದಲ್ಲಿ ತಂದ 11 ಸಣ್ಣ ಮೀನುಗಳನ್ನು ತೋಟದ ಹಳ್ಳಕ್ಕೆ ಬಿಡಲು ನಾನು ಒಪ್ಪಲಿಲ್ಲ. ಈ ಸುದ್ದಿ ಹೇಗೋ ಸಂಘದ ಕಛೇರಿಯವರೆಗೂ ಬಂದು, ‘ಕಾರ್ಯದರ್ಶಿಗಳು ಬೆರಳುದ್ದದ ಮೀನಿಗೂ ಬೈಲಾ ಓದಿದರಂತೆ’ ಎಂದು ಕೆಲವು ಸದಸ್ಯರು ನಗೆಯಾಡಿದ್ದುಂಟು. ನಗಲಿ, ಅದಕ್ಕೆ ನನ್ನ ಆಕ್ಷೇಪವಿಲ್ಲ. ಅಂದು ನಾನು ಹೇಳಿದ ಕಾರಣಗಳು ಸರಿಯಾಗಿಯೇ ಇದ್ದವು. ಆದರೆ ಅವನ್ನು ಹೇಳುವ ಅರ್ಹತೆ ನನಗೆ ಎಷ್ಟರಮಟ್ಟಿಗೆ ಇತ್ತು ಎಂಬುದು ಮೂರೇ ವಾರದಲ್ಲಿ ಬಯಲಾಯಿತು. ಇದರಲ್ಲಿ ಮೈಲುತುತ್ತದ ಸಂಗತಿಯೂ ಸೇರಿರುವುದರಿಂದ, ಬಾಯಿಮಾತಿನಲ್ಲಿ ಹರಡಲು ಬಿಡದೆ ನಾನೇ ಬರೆಯುವುದು ಉಚಿತವೆಂದು ತೋರಿತು.

ಸಂಘದ ಕೆಲಸದ ಮೇಲೆ ಚಾಮರಾಜಪೇಟೆಯ ಅಪೆಕ್ಸ್ ಬ್ಯಾಂಕಿಗೆ ಹೋದಾಗಲೆಲ್ಲ ನಾನು ತಂಗುವುದು ಬಸವನಗುಡಿಯಲ್ಲಿರುವ ತಂಗಿಯ ಮನೆಯಲ್ಲಿ. ಗಾಂಧಿಬಜಾರಿನಿಂದ ಕಾಯಿಪಲ್ಯದ ಚೀಲ ಹಿಡಿದು ನಡೆದು ಬರುವಷ್ಟು ದೂರ. ಹಳೆಯ ಮನೆ, ಕೆಂಪು ಗಾರೆಯ ನೆಲ, ಹಿತ್ತಿಲಲ್ಲಿ ಮುಚ್ಚಿಹೋದ ಬಾವಿ. ನಡುಮನೆಯಲ್ಲಿ ದೇವರ ಗೂಡಿನ ಎದುರು ಗೋಡೆಗೆ ಒರಗಿಸಿ ಮಕ್ಕಳು ಒಂದು ಗಾಜಿನ ತೊಟ್ಟಿ ಇಟ್ಟಿದ್ದರು. ಮೊದಲ ಸಲ ಕಂಡಾಗ ಅದರಲ್ಲಿ ಮೀನೇ ಇಲ್ಲವೆಂದುಕೊಂಡೆ. ನೀರು ಚಹಾದ ಡಿಕಾಕ್ಷನ್ನಿನಂತೆ ಕಂದು. ತಳದಲ್ಲಿ ರಸ್ತೆಬದಿಯಿಂದ ಆರಿಸಿ ತಂದ ಕಾಡುಬಾದಾಮಿಯ ಒಣ ಎಲೆಗಳು. ಐದು ನಿಮಿಷ ಸುಮ್ಮನೆ ಕುಳಿತ ಮೇಲೆ ಎಲೆಗಳ ಸಂದಿಯಿಂದ ಒಂದೊಂದಾಗಿ ಹೊರಬಂದವು. ಒಂದೂವರೆ ಅಂಗುಲಕ್ಕಿಂತಲೂ ಚಿಕ್ಕವು. ತಾಮ್ರದ ಛಾಯೆಯ ಮೈ, ಪಕ್ಕೆಯಲ್ಲಿ ಕಪ್ಪು ಬೊಟ್ಟುಗಳು. ಗಂಡಿಗೆ ಕಿವಿರಿನ ಹಿಂದಿನ ಬೊಟ್ಟು ಬಿದಿಗೆಯ ಚಂದ್ರನ ಹಾಗೆ ಬಾಗಿರುತ್ತದೆ. ಅದರ ಈಜುರೆಕ್ಕೆಗಳು ಹಳದಿ, ತುದಿಗೆ ಕಪ್ಪು. ಇಷ್ಟು ಸಣ್ಣ ಜೀವಕ್ಕೆ ಇಷ್ಟೊಂದು ಅಲಂಕಾರವೇ ಎನಿಸಿತು.

ಅಂಗಡಿಯವರು ಇದನ್ನು ಬಟರ್‌ಫ್ಲೈ ಬಾರ್ಬ್ ಎನ್ನುತ್ತಾರೆ. ಬಾರ್ಬ್ ಎಂದರೆ ನಾವು ಗೆಂಡೆ ಎನ್ನುವ ಮೀನುಗಳ ಬಳಗ. ಇದು ಆಫ್ರಿಕಾದ ಕಾಂಗೋ ನದಿಯ ಕಡೆಯದು, ದಟ್ಟ ಕಾಡಿನ ನೆರಳಲ್ಲಿ ಎಲೆ ಕೊಳೆತ ಜೌಗುಗಳಲ್ಲಿ, ಸಣ್ಣ ತೊರೆಗಳಲ್ಲಿ ಬದುಕುವಂಥದು. 1945ರಲ್ಲಿ ಮ್ಯಾಕ್ಸ್ ಪೋಲ್ ಎಂಬ ಮೀನುಶಾಸ್ತ್ರಜ್ಞರು ಇದನ್ನು ವರ್ಣಿಸಿ, ಹುಲ್‌ಸ್ಟಾರ್ಟ್ ಎಂಬ ಬೆಲ್ಜಿಯಂ ಪಾದ್ರಿಯ ಹೆಸರಿಟ್ಟರು. ಆ ಪಾದ್ರಿ ಕಾಂಗೋದ ಮೊಂಗೋ ಜನರ ಭಾಷೆಗೆ ನಿಘಂಟು, ವ್ಯಾಕರಣ ಬರೆದವರು. ನಮ್ಮ ಕಿಟೆಲ್ ಸಾಹೇಬರು ನಿಘಂಟಿನ ಜೊತೆಗೆ ಮೀನನ್ನೂ ಹಿಡಿದಿದ್ದರೆ ನಮ್ಮ ಹಳ್ಳದ ಯಾವುದೋ ಗೆಂಡೆಗೆ ಅವರ ಹೆಸರು ಬೀಳುತ್ತಿತ್ತೋ ಏನೋ.

ಇದನ್ನು ಸಾಕುವುದು ಸುಲಭವಲ್ಲ. ಒಂದೆರಡನ್ನು ತಂದಿಟ್ಟರೆ ಹೆದರಿ ಮೂಲೆ ಸೇರಿ ಕೃಶವಾಗುತ್ತವೆ. ಎಂಟು ಹತ್ತಾದರೂ ಜೊತೆಗಿರಬೇಕು, ದೊಡ್ಡ ಮೀನುಗಳ ಸಹವಾಸ ಕೂಡದು. ಬಾಯಿ ಸಣ್ಣದು, ತೀರ ಸಣ್ಣ ಆಹಾರವೇ ಬೇಕು. ಎಲ್ಲಕ್ಕಿಂತ ಮುಖ್ಯವಾಗಿ ನೀರು ಮೆದುವಾಗಿರಬೇಕು, ತುಸು ಹುಳಿಯ ಕಡೆಗಿರಬೇಕು, ಬೆಚ್ಚಗಾಗಬಾರದು. ಪಾತ್ರೆಗೆ ಬಿಳಿ ಹೊಪ್ಪಳಿಕೆ ಕಟ್ಟಿಸುವ ಬೋರ್‌ವೆಲ್ ನೀರು ಇದಕ್ಕೆ ಆಗದು. ಮಕ್ಕಳು ತಾರಸಿಯ ಮಳೆನೀರನ್ನು ಹಿಡಿದಿಟ್ಟು, ನಲ್ಲಿಯ ಕಾವೇರಿ ನೀರನ್ನು ಎರಡು ದಿನ ಬಕೇಟಿನಲ್ಲಿ ನಿಲ್ಲಿಸಿ ಬೆರೆಸುತ್ತಿದ್ದರು. ಸೊಳ್ಳೆಯ ಮರಿಗಳಿಗಾಗಿ ಹಿತ್ತಿಲಲ್ಲಿ ಒಂದು ಟಬ್ಬು ಇಟ್ಟು ನೆರೆಯವರಿಂದ ಬೈಸಿಕೊಂಡದ್ದೂ ಆಯಿತು. ಗಾಜಿನ ಪೆಟ್ಟಿಗೆಯಲ್ಲಿ ಮೀನಿಡುವುದು ಪಟ್ಟಣದವರ ಶೋಕಿ ಎಂದು ಅಲ್ಲಿಯವರೆಗೆ ತಿಳಿದಿದ್ದ ನಾನು, ಹದಿಮೂರು ವರ್ಷದ ಹುಡುಗಿಯೊಬ್ಬಳು ನೀರಿನ ಗಡಸುತನದ ಬಗ್ಗೆ ನನ್ನನ್ನೇ ಪ್ರಶ್ನೆ ಕೇಳಿದಾಗ ಆ ಮಾತನ್ನು ನುಂಗಿಕೊಂಡೆ.

ಇಲ್ಲಿ ಒಂದು ಮಾತು. ಬೆಂಗಳೂರಿಗೆ ಕಾವೇರಿ ನೀರಿನ ಮೊದಲ ಹಂತ ಬಂದದ್ದು 1974ರಲ್ಲಿ. ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ, ಅರ್ಧ ಕಿಲೋಮೀಟರಿನಷ್ಟು ಎತ್ತರಕ್ಕೆ ಪಂಪು ಮಾಡಿ ತರುತ್ತಾರೆ. ನಮ್ಮ ಹಳ್ಳ ಹೇಮಾವತಿಯನ್ನು ಸೇರುತ್ತದೆ, ಹೇಮಾವತಿ ಗೊರೂರು ದಾಟಿ ಕನ್ನಂಬಾಡಿಯಲ್ಲಿ ಕಾವೇರಿಯನ್ನು ಸೇರುತ್ತದೆ. ಹಾಗಾಗಿ ಬಸವನಗುಡಿಯ ಆ ತೊಟ್ಟಿಯಲ್ಲಿ ಕಾಂಗೋ ಮೀನು ಕುಡಿಯುತ್ತಿದ್ದುದರಲ್ಲಿ ನಮ್ಮ ತೋಟದ ನೀರಿನ ಪಾಲೂ ಇತ್ತು. ಆಗ ಇದು ನನಗೆ ಬರೀ ತಮಾಷೆಯಾಗಿ ಕಂಡಿತ್ತು.

ಆ ಮನೆಯನ್ನು ಕೆಡವಿ ಅಪಾರ್ಟ್‌ಮೆಂಟ್ ಕಟ್ಟಿಸುವುದೆಂದು ಅಣ್ಣತಮ್ಮಂದಿರೊಳಗೆ ತೀರ್ಮಾನವಾಯಿತು. ಎರಡು ವರ್ಷ ಬಾಡಿಗೆಯ ಸಣ್ಣ ಮನೆಯಲ್ಲಿರಬೇಕು, ಅಲ್ಲಿ ತೊಟ್ಟಿಗೆ ಜಾಗವಿಲ್ಲ. ಮೀನು ಕೊಟ್ಟ ಅಂಗಡಿಯವರು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ‘ಕೆಂಪಾಂಬುಧಿ ಕೆರೆಗೆ ಬಿಟ್ಟರಾಯಿತು’ ಎಂದರು ಭಾವ. ಆ ನೀರಿಗೆ ಬಿಟ್ಟರೆ ಸತ್ತೇಹೋಗುತ್ತವೆ ಎಂದು ಹುಡುಗಿ ಅತ್ತಳು. ಕೊನೆಗೆ ಮಕ್ಕಳೇ ಕಂಡುಕೊಂಡ ದಾರಿ ಮಾವನ ತೋಟದ ಹಳ್ಳ. ಅಲ್ಲಿ ನೆರಳಿದೆ, ಎಲೆ ಕೊಳೆತ ತಂಪು ನೀರಿದೆ, ಕಾಂಗೋದ ಹಾಗೆಯೇ ಇದೆ. ತಿಥಿವಾರ ನೋಡಿ ಹೊರಟವರಂತೆ ಸಂಭ್ರಮದಿಂದ ಬಂದಿಳಿದರು. ಅವರ ಮನಸ್ಸಿನಲ್ಲಿ ಅದು ಪುಣ್ಯದ ಕೆಲಸ. ನಾನು ಬೇಡವೆಂದೆ. ರಾತ್ರಿ ಊಟಕ್ಕೆ ಯಾರೂ ಸರಿಯಾಗಿ ಕೂರಲಿಲ್ಲ.

ನಾನು ಹೇಳಿದ್ದು ಇಷ್ಟು. ಹಿಡಿದ ನೀರಿನಲ್ಲಿ ಬೆಳೆದ ಪರದೇಶದ ಮೀನನ್ನು ಹರಿಯುವ ನೀರಿಗೆ ಬಿಟ್ಟರೆ ಎರಡರಲ್ಲಿ ಒಂದಾಗುತ್ತದೆ. ಸತ್ತರೆ ನಾವು ಕೊಂದಂತೆ. ಬದುಕಿ ಹೆಚ್ಚಿದರೆ ಅಲ್ಲಿ ಮೊದಲಿಂದ ಇದ್ದದ್ದರ ಅನ್ನ ಕಿತ್ತಂತೆ. ಜೊತೆಗೆ ಅದರ ಮೈಯಲ್ಲಿ ಯಾವ ರೋಗ, ಯಾವ ಹುಳು ಬಂದಿದೆಯೋ ಬಲ್ಲವರಿಲ್ಲ. ಸೊಳ್ಳೆಮರಿ ತಿನ್ನಲೆಂದು 1928ರಲ್ಲಿ ಗ್ಯಾಂಬೂಸಿಯಾ ಮೀನನ್ನು ದೇಶಕ್ಕೆ ತಂದರು. ಅದು ಬೇರೆ ಮೀನುಗಳ ಮೊಟ್ಟೆಮರಿಗಳನ್ನೂ ತಿಂದಿತು. 1952ರಲ್ಲಿ ತಿಲಾಪಿಯಾ ಬಂತು. ಜಿಲೇಬಿ ಎಂಬ ಹೆಸರಿನಿಂದ ಇಂದು ಅದಿಲ್ಲದ ಕೆರೆ ಹುಡುಕಬೇಕು. ಆಫ್ರಿಕಾದ ಕ್ಯಾಟ್‌ಫಿಶ್ ಸಾಕಣೆಯನ್ನು ಕೇಂದ್ರ ಸರ್ಕಾರ 2000ದಲ್ಲಿಯೇ ನಿಷೇಧಿಸಿದರೂ ಅದು ಹೊಳೆ ಸೇರಿ ಆಗಿದೆ. ತೊಟ್ಟಿಯ ಗಾಜು ನೆಕ್ಕುವ ದಕ್ಷಿಣ ಅಮೆರಿಕದ ಸಕ್ಕರ್ ಮೀನನ್ನು ದೊಡ್ಡದಾಯಿತೆಂದು ಕೆರೆಗೆ ಎಸೆದವರೆಲ್ಲರೂ ದಯೆಯಿಂದಲೇ ಎಸೆದವರು.

ಇದನ್ನು ಕೇಳಿದ ಹಿರಿಯ ಸದಸ್ಯರೊಬ್ಬರು ಕಛೇರಿಯಲ್ಲಿ ಒಳ್ಳೆಯ ಪ್ರಶ್ನೆ ಹಾಕಿದರು. ‘ನಿಮ್ಮ ರೊಬಸ್ಟಾ ಎಲ್ಲಿಯದು ಸ್ವಾಮಿ? ಅದೂ ಕಾಂಗೋ ಕಡೆಯ ಕಾಡಿನದೇ. ಅರೇಬಿಕಾವನ್ನು ಬಾಬಾ ಬುಡನ್ ತಂದರು, ನೆರಳಿನ ಸಿಲ್ವರ್ ಓಕ್ ಆಸ್ಟ್ರೇಲಿಯಾದ್ದು. ಪರದೇಶದ ಗಿಡದಿಂದ ಹೊಟ್ಟೆ ಹೊರೆಯುವವರು ಪರದೇಶದ ಮೀನಿಗೇಕೆ ಬಾಗಿಲು ಹಾಕುತ್ತೀರಿ?’ ತಕ್ಷಣಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಮನೆಗೆ ಬರುವ ದಾರಿಯಲ್ಲಿ ಹೊಳೆಯಿತು. ರೊಬಸ್ಟಾ ನೆಟ್ಟಲ್ಲಿ ನಿಲ್ಲುತ್ತದೆ, ಬೇಡವೆಂದರೆ ಕಿತ್ತು ಹಾಕಬಹುದು. ಹಳ್ಳಕ್ಕೆ ಬಿಟ್ಟ ಮೀನನ್ನು ಯಾವ ಬಲೆ ಹಾಕಿ ವಾಪಸು ಕರೆಯುವುದು? 1990ರಲ್ಲಿ ಗೂಡಲೂರಿನಲ್ಲಿ ಮೊದಲು ಕಂಡ ಕಾಯಿಕೊರಕ ಕೂಡ ಆಫ್ರಿಕಾದ್ದೇ. ಅದನ್ನು ಹಿಂದಕ್ಕೆ ಕಳಿಸಿದವರು ಯಾರಾದರೂ ನಮ್ಮಲ್ಲಿದ್ದರೆ ನಾನು ನನ್ನ ಮಾತು ಹಿಂತೆಗೆದುಕೊಳ್ಳುತ್ತೇನೆ.

ಮಕ್ಕಳಿಗೆ ನಾನು ಇನ್ನೊಂದನ್ನೂ ಹೇಳಿದೆ: ನಮ್ಮ ಹಳ್ಳ ಖಾಲಿಯಿಲ್ಲ, ಅಲ್ಲಿ ವಾಸ ಇದ್ದವರಿದ್ದಾರೆ. ಮರುದಿನ ಬೆಳಿಗ್ಗೆ ಕರೆದೊಯ್ದು ತೋರಿಸಿದೆ. ಬಂಡೆಗಳ ನಡುವಿನ ಗುಂಡಿಯಲ್ಲಿ ಗೆಂಡೆಗಳು ಗುಂಪಾಗಿ ಬಿಸಿಲಿಗೆ ಬಂದಿದ್ದವು. ಘಟ್ಟದ ಹಳ್ಳಗಳಲ್ಲಿ ಇದೇ ಬಳಗದ ಒಂದು ಸಣ್ಣ ಮೀನಿದೆ, ಕೆಂಪು ಮೈಗೆ ಅಡ್ಡಡ್ಡ ಕಪ್ಪು ಪಟ್ಟೆ. ಅದರ ಕುಲಕ್ಕೆ 2013ರಲ್ಲಿ ಹಾಲುದಾರಿಯಾ ಎಂದು ಹೆಸರಿಟ್ಟರು. ಹಾಲುದಾರ್ ಎಂಬಾತ ಗಂಗಾನದಿಯ ಮೀನುಗಳ ಬಗ್ಗೆ ಫ್ರಾನ್ಸಿಸ್ ಬುಕಾನನ್ 1822ರಲ್ಲಿ ಪ್ರಕಟಿಸಿದ ಗ್ರಂಥಕ್ಕೆ ಚಿತ್ರ ಬರೆದ ಬಂಗಾಳಿ ತರುಣ. ಬುಕಾನನ್ ಹೆಸರು ನಮಗೆ ಹೊಸದೇನಲ್ಲ. 1800-01ರಲ್ಲಿ ಮೈಸೂರು, ಕನ್ನಡ ಸೀಮೆಗಳನ್ನು ಸುತ್ತಿ ಅಡಿಕೆ ತೋಟಗಳ ಲೆಕ್ಕಾಚಾರವನ್ನು ಬಿಡಿಬಿಡಿಯಾಗಿ ಬರೆದಿಟ್ಟವರು ಅವರೇ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದ ಸಿ. ಆರ್. ನಾರಾಯಣ ರಾಯರು 1920ರಲ್ಲಿ ತುಂಗಾ ನದಿಯ ಒಂದು ಪಟ್ಟೆಮೀನನ್ನು ಲೋಕಕ್ಕೆ ಪರಿಚಯಿಸಿದರು. 1937ರಲ್ಲಿ ಕೊಡಗಿನ ಕಾವೇರಿಯ ಒಂದು ಸಣ್ಣ ಗೆಂಡೆಗೆ ಹೋರಾ ಅವರು ಈ ರಾಯರ ಹೆಸರನ್ನೇ ಇಟ್ಟರು. ರಾಯರ ಆ ಪಟ್ಟೆಮೀನು ಇಂದು ಅಳಿವಿನ ಅಪಾಯದ ಪಟ್ಟಿಯಲ್ಲಿದೆ. 2005ರಿಂದ 2012ರ ನಡುವೆ ಅಪಾಯದಲ್ಲಿರುವ 30 ಜಾತಿಗಳ 15 ಲಕ್ಷದಷ್ಟು ಮೀನುಗಳು ಅಕ್ವೇರಿಯಂಗಳಿಗಾಗಿ ಭಾರತದಿಂದ ರಫ್ತಾದವೆಂದು 2013ರಲ್ಲಿ ಪ್ರಕಟವಾದ ಅಧ್ಯಯನವೊಂದು ಹೇಳುತ್ತದೆ. ಹೆಚ್ಚು ಹೋದವುಗಳಲ್ಲಿ ಈ ಪಟ್ಟೆಮೀನೂ ಒಂದು. ಕಾಂಗೋದ್ದು ಬಸವನಗುಡಿಗೆ ಬರುತ್ತದೆ, ತುಂಗೆಯದು ಯಾವುದೋ ದೇಶದ ನಡುಮನೆಗೆ ಹೋಗುತ್ತದೆ.

ಇಷ್ಟೆಲ್ಲ ಉಪನ್ಯಾಸವಾದ ಮೇಲೆ ಮೀನುಗಳ ಗತಿ? ಬೇಡವೆಂದವನ ತಲೆಗೇ ಕಟ್ಟಿದರು. ತೊಟ್ಟಿ ಲಗೇಜಿನಲ್ಲಿ ಬಂತು, ಹಜಾರದಲ್ಲಿ ಇಟ್ಟೆ. ಮಕ್ಕಳು ಒಂದು ನೋಟುಬುಕ್ಕಿನಲ್ಲಿ ಸೂಚನೆ ಬರೆದುಕೊಟ್ಟು ಹೋದರು. ನಮ್ಮ ಹಳ್ಳದ ನೀರು ಸುಣ್ಣದಂಶ ಕಡಿಮೆಯಿರುವ ಮೆದು ನೀರು, ಬಸವನಗುಡಿಯಲ್ಲಿ ಅಷ್ಟು ಕಷ್ಟಪಟ್ಟು ಬೆರೆಸುತ್ತಿದ್ದುದು ಇಲ್ಲಿ ಬಿಟ್ಟಿ. ವಾರಕ್ಕೊಮ್ಮೆ ಎರಡು ಕೊಡ ತಂದು ಬದಲಿಸುತ್ತಿದ್ದೆ. ಗಂಡುಗಳ ಹಳದಿ ಇನ್ನೂ ಏರಿತು. ಸಂಜೆ ರೇಟು ಕೇಳಲು ಬಂದವರೂ ತೊಟ್ಟಿಯ ಮುಂದೆ ಕುರ್ಚಿ ಎಳೆದುಕೊಳ್ಳುವಂತಾಯಿತು.

ಮೇ ಕೊನೆಯ ವಾರ ಅಡಿಕೆಗೆ ಮೊದಲ ಔಷಧಿ ಹೊಡೆಸಿದೆವು. ಮಳೆ ಇನ್ನೂ ಹಿಡಿದಿರಲಿಲ್ಲ, ಹಳ್ಳ ಸಣ್ಣ ಧಾರೆಯಾಗಿತ್ತು. ಎರಡನೆಯ ದಿನದ ಸಂಜೆ, ವಾರದ ವಾಡಿಕೆಯಂತೆ, ನಾನೇ ಎರಡು ಕೊಡ ನೀರು ತಂದು ತೊಟ್ಟಿಗೆ ಹಾಕಿದೆ. ಬೆಳಿಗ್ಗೆ ಎದ್ದು ನೋಡುವಾಗ 8 ಮೀನು ಸತ್ತು ತೇಲುತ್ತಿದ್ದವು. ಉಳಿದ ಮೂರು ತಳದ ಎಲೆಗೆ ಅಂಟಿಕೊಂಡು ಕಿವಿರು ಬಡಿಯುತ್ತಿದ್ದವು. ಅವನ್ನು ಕುಡಿಯುವ ಬಾವಿನೀರಿಗೆ ಹಾಕಿ ಹಳ್ಳಕ್ಕೆ ಓಡಿದೆ. ನಾನು ನೀರು ತುಂಬಿದ ಜಾಗದಿಂದ ಐವತ್ತು ಅಡಿ ಮೇಲೆ ಕಟ್ಟೆಯ ಮೇಲೆ ನಮ್ಮ ಡ್ರಮ್ಮುಗಳು ಇದ್ದವು. ತುತ್ತ ಕರಗಿಸಿದ ಡ್ರಮ್ಮನ್ನು, ಇನ್ನೂ ಸುಣ್ಣ ಬೆರೆಸದ ನೀಲಿನೀರಿನದನ್ನು, ಸಂಜೆ ಅಲ್ಲಿಯೇ ತೊಳೆದು ಮಗುಚಿದ್ದರು. ಬಂಡೆಯ ಮೇಲೆ ನೀಲಿ ಕಲೆ ಇತ್ತು. ಕೆಳಗಿನ ಗುಂಡಿಯಲ್ಲಿ, ಮಕ್ಕಳಿಗೆ ತೋರಿಸಿದ ಅದೇ ಗುಂಡಿಯಲ್ಲಿ, ಗೆಂಡೆಗಳು ಹೊಟ್ಟೆ ಮೇಲಾಗಿ ಬಿದ್ದಿದ್ದವು. ಎಣಿಸಿದೆ. 43. ಏಡಿಗಳನ್ನು ಎಣಿಸಲಿಲ್ಲ.

ಇದಕ್ಕೆ ಕೆಲಸದವರನ್ನು ದೂರುವಂತಿಲ್ಲ. ನೀರು ಹತ್ತಿರವೆಂದು ಆ ಕಟ್ಟೆಯನ್ನು ಅವರಿಗೆ ತೋರಿಸಿದವನು ನಾನು, ನನಗೆ ತೋರಿಸಿದವರು ನನ್ನ ತಂದೆ. ಮೂವತ್ತು ವರ್ಷ ಅಲ್ಲಿಯೇ ಔಷಧಿ ಕಲೆಸಿದ್ದೇವೆ. ಮರುದಿನ ಹಳ್ಳಕ್ಕಿಳಿದು ನೋಡಿದ್ದು ಇದೇ ಮೊದಲು, ಅದೂ ಕಾಂಗೋದ ಮೀನು ಸತ್ತದ್ದರಿಂದ. ಶೃಂಗೇರಿಗೆ ಹೋದಾಗ ತುಂಗೆಯ ಮೀನುಗಳಿಗೆ ಮಂಡಕ್ಕಿ ಎರಚಿ ಕೈಮುಗಿಯುತ್ತೇನೆ. ಶಿಶಿಲದ ದೇವರ ಮೀನುಗಳಿಗೆ 1996ರಲ್ಲಿ ಯಾರೋ ದುರುಳರು ವಿಷ ಹಾಕಿದ್ದನ್ನು ಕೇಳಿ ಶಾಪ ಹಾಕಿದವರಲ್ಲಿ ನಾನೂ ಒಬ್ಬ.

ಬೋರ್ಡೋ ದ್ರಾವಣ ಬಿಡಿ ಎಂದು ನಾನು ಹೇಳುತ್ತಿಲ್ಲ, ಹಾಗೆ ಹೇಳಿದರೆ ಮೊದಲು ಮುಳುಗುವುದು ನನ್ನ ತೋಟವೇ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಅವರು 1910ರಲ್ಲಿ ಕೊಳೆರೋಗದ ಬಗ್ಗೆ ಬರೆದು, ಈ ದ್ರಾವಣವನ್ನು ನಮ್ಮವರಿಗೆ ಕಲಿಸಿಕೊಡದಿದ್ದರೆ ಇಂದಿಗೂ ಗೊನೆಗೊನೆಗೆ ಕೊಟ್ಟೆ ಕಟ್ಟುತ್ತ ಮಳೆಗೆ ಹೆದರಿ ಕೂತಿರುತ್ತಿದ್ದೆವು. ಆದರೆ ಗೊನೆಯ ಮೇಲೆ ಬೀಳುವ ತಾಮ್ರ ಬೇರೆ, ಹಳ್ಳಕ್ಕೆ ಬೀಳುವ ತಾಮ್ರ ಬೇರೆ. ನೀರು ಮೆದುವಾದಷ್ಟೂ ತಾಮ್ರದ ವಿಷ ಮೀನಿಗೆ ಹೆಚ್ಚು ತಾಗುತ್ತದೆ. ಗಡಸು ನೀರಿನ ಸುಣ್ಣದಂಶ ಕಿವಿರನ್ನು ಒಂದಿಷ್ಟು ಕಾಯುತ್ತದೆ, ನಮ್ಮ ಮಲೆನಾಡಿನ ನೀರಿನಲ್ಲಿ ಆ ರಕ್ಷಣೆ ಇಲ್ಲ. ಸುಣ್ಣ ಸರಿಯಾಗಿ ಬೆರೆತ ದ್ರಾವಣಕ್ಕಿಂತ ಬರೀ ತುತ್ತದ ನೀರು ಇನ್ನೂ ಕ್ರೂರ. ನಾವು ತೊಳೆದು ಚೆಲ್ಲಿದ್ದು ಅದನ್ನೇ.

ಪಲ್ಪರ್ ನೀರಿನ ಮಾತು ಇಲ್ಲಿ ಎತ್ತುವುದಿಲ್ಲ. ಅದು ಕೊಯ್ಲಿನ ಕಾಲದ್ದು, ಅದಕ್ಕೇ ಒಂದು ಸಂಚಿಕೆ ಬೇಕು, ನನ್ನ ಮೇಲೆ ಕೋಪಿಸಿಕೊಳ್ಳುವವರ ಪಟ್ಟಿಯೂ ಉದ್ದವಾಗುತ್ತದೆ.

ಸಂಘದ ಮುಂದೆ ನಾನಿಡುವುದು ಸಣ್ಣ ಸಂಗತಿ. ತುತ್ತ ಮಾರುವವರು ನಾವೇ, ನಮ್ಮ ಡಿಪೋದಿಂದಲೇ ಹೋಗುತ್ತದೆ, ಅದರ ಕಮಿಷನ್ನು ನಮ್ಮ ಲಾಭದ ಪಟ್ಟಿಯಲ್ಲಿದೆ. ಹಾಗಿರುವಾಗ ಚೀಲ ಕೊಟ್ಟು ಕೈತೊಳೆದುಕೊಂಡರೆ ಸಾಲದು. ಕೈತೊಳೆದ ನೀರು ಎಲ್ಲಿಗೆ ಹೋಯಿತೆಂದೂ ನೋಡಬೇಕು. ಔಷಧಿ ಕಲೆಸುವ ಜಾಗ ಹಳ್ಳದಿಂದ ನೂರು ಅಡಿಯಾದರೂ ಆಚೆಗಿರಲಿ. ಡ್ರಮ್ಮು ತೊಳೆದ ನೀರನ್ನು ಚೆಲ್ಲದೆ ಮುಂದಿನ ಡ್ರಮ್ಮಿಗೇ ಬಳಸಲಿ. 100 ಲೀಟರಿಗೆ 1 ಕಿಲೋ ತುತ್ತ, 1 ಕಿಲೋ ಸುಣ್ಣ ಎನ್ನುವ ಲೆಕ್ಕದಲ್ಲಿ ಆ ನೀರಿಗೂ ಜಾಗವಿದೆ. ಕೊನೆಯ ತೊಳೆತವನ್ನೂ ಪಂಪಿನಲ್ಲೇ ಹೊಡೆದು ಮುಗಿಸಲಿ. ಕತ್ತಿಯ ಅಲಗು ಅದ್ದಿ ನೋಡುವ ಹಳೆಯ ಪರೀಕ್ಷೆಯನ್ನು ಬಿಡದಿರಲಿ, ಅಲಗಿಗೆ ಕೆಂಪು ಹಿಡಿದರೆ ಸುಣ್ಣ ಸಾಲದು ಎಂದರ್ಥ. ನೀರು ಹೊರಿಸುವುದು ಸಣ್ಣ ಹಿಡುವಳಿಯವರಿಗೆ ಹೊರೆಯೆಂದು ನನಗೂ ಗೊತ್ತು. ಅದಕ್ಕಾಗಿ ಸಂಘವು 500 ಲೀಟರಿನ ಎರಡು ಟ್ಯಾಂಕು, ಒಂದಿಷ್ಟು ಪೈಪು ಕೊಂಡು ಪಂಪುಗಳ ಹಾಗೆ ಬಾಡಿಗೆಗೆ ಕೊಡಬಹುದು. ವಾರ್ಷಿಕ ಮಹಾಸಭೆಯ ವಿಷಯಪಟ್ಟಿಗೆ ಇದನ್ನು ಸೇರಿಸಲು ಅಧ್ಯಕ್ಷರಿಗೆ ಬರೆದು ಕೊಟ್ಟಿದ್ದೇನೆ. ವಿರೋಧಿಸುವವರು ಸಭೆಗೆ ಬಂದು ವಿರೋಧಿಸಲಿ, ರಸ್ತೆಯಲ್ಲಿ ಬೇಡ.

ಮಕ್ಕಳಿಗೆ ಫೋನು ಮಾಡಿ ನಡೆದದ್ದನ್ನು ಇದ್ದಂತೆಯೇ ಹೇಳಿದೆ. ಹುಡುಗ ಏನೂ ಅನ್ನಲಿಲ್ಲ. ಹುಡುಗಿ ಎರಡು ದಿನ ಮಾತಾಡದೆ ಮೂರನೆಯ ದಿನ ತಾನೇ ಫೋನು ಮಾಡಿದಳು. ‘ಮಾವ, ನಮ್ಮ ಮೀನನ್ನ ಹಳ್ಳಕ್ಕೆ ಬಿಟ್ಟರೆ ಅಲ್ಲಿನ ಮೀನಿಗೆ ತೊಂದರೆ ಅಂದಿದ್ದಿರಲ್ಲ’ ಎಂದಳು. ಹೌದಮ್ಮ ಎಂದೆ. ಮುಂದೆ ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಉಳಿದ ಮೂರು ಮೀನು ಈಗ ಸಂಘದ ಕಛೇರಿಯಲ್ಲಿ, ಮಳೆನೀರು ತುಂಬಿದ ತೊಟ್ಟಿಯಲ್ಲಿವೆ. ಮೂರೇ ಆದದ್ದರಿಂದ ಎಲೆಯ ಕೆಳಗಿಂದ ಹೊರಗೆ ಬರುವುದು ಅಪರೂಪ. ಜೊತೆಗೆ ಇನ್ನಷ್ಟು ತರಿಸಬೇಕೆ, ಇರುವಷ್ಟು ದಿನ ಇವನ್ನೇ ನೋಡಿಕೊಳ್ಳಬೇಕೆ ಎಂಬುದನ್ನು ಮಕ್ಕಳೇ ತೀರ್ಮಾನಿಸಲಿ ಎಂದು ಬಿಟ್ಟಿದ್ದೇನೆ. ಜುಲೈಯ ಎರಡನೇ ಔಷಧಿಗೆ ನಮ್ಮ ಡ್ರಮ್ಮುಗಳನ್ನು ಮೇಲಿನ ರಸ್ತೆಯ ಪಕ್ಕಕ್ಕೆ ಸಾಗಿಸಿದೆವು. ನೀರು ಹೊರಲು ದಿನಕ್ಕೆ ಎರಡು ಆಳು ಹೆಚ್ಚು ಬೇಕಾಯಿತು, ಒಟ್ಟು ಮೂರು ದಿನ. ಆ ಕೂಲಿಯ ಲೆಕ್ಕ ಕಛೇರಿಯಲ್ಲಿದೆ, ಬೇಕಾದವರು ಬಂದು ನೋಡಬಹುದು.